ನಲವತ್ತೊಂದು ಅಂಕಪಟ್ಟಿಗಳ ಕಡತ: ಪರೀಕ್ಷಾಂಗ ವಿಭಾಗದ ಒಂದು ಪ್ರಕರಣ

ವಿಶ್ವವಿದ್ಯಾಲಯಗಳ ಬೋಧಕೇತರ ನೌಕರರಿಗೆ ‘ವೃತ್ತಿಪರ ನಡವಳಿಕೆ’ ಎಂದು ನಡೆಸುವ ತರಬೇತಿಗಳಲ್ಲಿ ಅರ್ಧ ದಿನ ನಗುಮುಖ, ಉಡುಪು, ಫೋನಿನಲ್ಲಿ ಮಾತಾಡುವ ರೀತಿ ಇವುಗಳಲ್ಲೇ ಕಳೆದುಹೋಗುತ್ತದೆ. ಅವು ಬೇಡವೆಂದಲ್ಲ. ಆದರೆ ‘ಮುಂದಿನ ವಾರ ಬನ್ನಿ’ ಎಂದು ನಗುನಗುತ್ತಲೇ ತಿಂಗಳುಗಟ್ಟಲೆ ಓಡಾಡಿಸುವವರೂ ನಮ್ಮ ಕಚೇರಿಗಳಲ್ಲಿ ಇದ್ದಾರೆ. ಕಚೇರಿಯ ನೌಕರ ವೃತ್ತಿಪರನೋ ಅಲ್ಲವೋ ಎಂದು ನೋಡಬೇಕಾದರೆ ಮೇಲಧಿಕಾರಿಯ ತೀರ್ಮಾನಕ್ಕೆಂದು ಅವನು ಕಡತದಲ್ಲಿ ಬರೆದ ಟಿಪ್ಪಣಿ ಹಾಳೆಯನ್ನು ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಕೆಳಗಿನ ಪ್ರಕರಣವನ್ನು ತರಬೇತಿಗೆಂದೇ ಕಟ್ಟಿದ್ದು. ಇದು ಯಾವುದೋ ಒಂದು ವಿಶ್ವವಿದ್ಯಾಲಯದಲ್ಲಿ ನಡೆದ ಘಟನೆಯ ವರದಿಯಲ್ಲ. ಪರೀಕ್ಷಾಂಗ ವಿಭಾಗಗಳಲ್ಲಿ ಪದೇಪದೇ ಎದುರಾಗುವ ಸಂಗತಿಗಳನ್ನು ಒಂದು ಕಾಲೇಜು, ಒಂದು ಬ್ಯಾಚಿಗೆ ಹೊಂದಿಸಿ ಹೆಣೆದದ್ದು. ಹಾಗಾಗಿ ಯಾರ ಹೆಸರೂ ಇಲ್ಲ.

ಸನ್ನಿವೇಶ

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಪ್ರಕಾರ ಆಡಳಿತಕ್ಕೆ ಒಬ್ಬ ಕುಲಸಚಿವರು, ಪರೀಕ್ಷೆಗಳಿಗೆ ಇನ್ನೊಬ್ಬರು, ಅಂದರೆ ಕುಲಸಚಿವರು (ಮೌಲ್ಯಮಾಪನ). ಪರೀಕ್ಷಾಂಗ ವಿಭಾಗ ಈ ಎರಡನೆಯವರ ಕೈಕೆಳಗೆ ಬರುತ್ತದೆ. ವಿದ್ಯಾರ್ಥಿಯ ಕೈಗೆ ಸಿಗುವುದು ಒಂದೇ ಹಾಳೆ. ಅದರಲ್ಲಿರುವ ಅಂಕಗಳು ಮಾತ್ರ ಬೇರೆ ಬೇರೆ ಕಡೆಯಿಂದ ಬಂದವು. ಆಂತರಿಕ ಅಂಕ ಕಾಲೇಜಿನಿಂದ, ಥಿಯರಿ ಅಂಕ ಮೌಲ್ಯಮಾಪನ ಕೇಂದ್ರದಿಂದ. ಎರಡನ್ನೂ ಕೂಡಿಸಿ ಮುದ್ರಿಸುವುದು ಗಣಕ ವಿಭಾಗ. ತಪ್ಪು ಎಲ್ಲಿ ಆದರೂ ಬೈಸಿಕೊಳ್ಳುವುದು ಮಾತ್ರ ಕೌಂಟರಿನಲ್ಲಿ ಕೂತವರು.

ನಮ್ಮ ಪ್ರಕರಣದಲ್ಲಿ ಕೂತವರು ಒಬ್ಬ ದ್ವಿತೀಯ ದರ್ಜೆ ಸಹಾಯಕಿ. ಹಾಸ್ಟೆಲ್ ಶಾಖೆಯಿಂದ ಬಿ.ಕಾಂ. ಶಾಖೆಗೆ ಬಂದು ಐದು ತಿಂಗಳು. ಅವರ ಮೇಲೆ ಅಧೀಕ್ಷಕರು: 28 ವರ್ಷದ ಸರ್ವಿಸು, ಯಾವ ನಿಯಮ ಯಾವ ಸುತ್ತೋಲೆಯಲ್ಲಿದೆ ಎಂದು ಬಾಯಿಪಾಠ, ಆದರೆ ಬರೆದಿಡುವ ಅಭ್ಯಾಸ ಕಡಿಮೆ. ಆಮೇಲೆ ಉಪ ಕುಲಸಚಿವರು, ಅವರ ಮೇಲೆ ಕುಲಸಚಿವರು (ಮೌಲ್ಯಮಾಪನ).

ಆಗಸ್ಟ್ 2ರಂದು ಆರನೇ ಸೆಮಿಸ್ಟರ್ ಫಲಿತಾಂಶ ಬಂತು. ಸ್ನಾತಕೋತ್ತರ ಪ್ರವೇಶಕ್ಕೆ ದಾಖಲೆ ಸಲ್ಲಿಸಲು ಆಗಸ್ಟ್ 23 ಕೊನೆಯ ದಿನ. ನಡುವೆ ಎರಡನೇ ಶನಿವಾರ, ಸ್ವಾತಂತ್ರ್ಯ ದಿನದ ರಜೆ. ತಾಲ್ಲೂಕು ಕೇಂದ್ರದ ಒಂದು ಸಂಯೋಜಿತ ಕಾಲೇಜಿನ 41 ವಿದ್ಯಾರ್ಥಿಗಳ ಅಂಕಪಟ್ಟಿ ಕೆಟ್ಟಿತ್ತು.

‘ಅಂಕಪಟ್ಟಿ ತಿದ್ದುಪಡಿ ಕುರಿತು’

ಆಗಸ್ಟ್ 12ರ ಹೊತ್ತಿಗೆ ಇನ್‌ವರ್ಡ್‌ನಲ್ಲಿ, ಅಂದರೆ ಬಂದ ಪತ್ರಗಳ ದಾಖಲೆಯಲ್ಲಿ, 17 ಅರ್ಜಿಗಳು ಸೇರಿದ್ದವು. ಉಳಿದವರು ಅರ್ಜಿ ಕೊಟ್ಟಿರಲಿಲ್ಲ. ಬಂದು ಕೇಳಿ, ಬೈದು ಹೋಗಿದ್ದರು. ಇನ್‌ವರ್ಡ್ ಪುಸ್ತಕದಲ್ಲಿ ಹದಿನೇಳಕ್ಕೂ ‘ವಿಷಯ’ದ ಕಾಲಂನಲ್ಲಿ ಒಂದೇ ಸಾಲು: ‘ಅಂಕಪಟ್ಟಿ ತಿದ್ದುಪಡಿ ಕುರಿತು’. ಟಪಾಲು ಬರೆಯುವವರಿಗೆ ಇದರಿಂದ ಸುಲಭ. ಆದರೆ ಈ ಒಂದು ಸಾಲಿನಿಂದಾಗಿ ಒಳಗಿರುವ ಬೇರೆ ಬೇರೆ ತೊಂದರೆಗಳೆಲ್ಲ ಒಂದೇ ತೊಂದರೆಯಂತೆ ಕಾಣತೊಡಗಿದವು.

ಸಹಾಯಕಿ ಬರೆದ ಮೊದಲ ಟಿಪ್ಪಣಿ ಹೀಗಿತ್ತು: ‘ಸದರಿ ಕಾಲೇಜಿನ ಬಿ.ಕಾಂ. ಆರನೇ ಸೆಮಿಸ್ಟರ್ ವಿದ್ಯಾರ್ಥಿಗಳ ಅಂಕಗಳು ಅಂಕಪಟ್ಟಿಯಲ್ಲಿ ಬಾರದೇ ಇರುವ ಬಗ್ಗೆ ಅರ್ಜಿಗಳು ಸ್ವೀಕೃತವಾಗಿರುತ್ತವೆ. ಮುಂದಿನ ಸೂಕ್ತ ಕ್ರಮಕ್ಕಾಗಿ ಮಂಡಿಸಿದೆ.’ ಮೇಲೆ ಹೋದ ಕಡತ ಮಾರನೆಯ ದಿನವೇ ಹಸಿರು ಶಾಯಿಯಲ್ಲಿ ಒಂದು ಪದ ಹೊತ್ತು ಕೆಳಗಿಳಿಯಿತು: ‘ಚರ್ಚಿಸಿ.’

ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಈ ಪದ ಚೆನ್ನಾಗಿ ಗೊತ್ತು. ಮೇಲಧಿಕಾರಿಗೆ ಸಮಯವಿಲ್ಲದಾಗಲೂ ‘ಚರ್ಚಿಸಿ’, ಸಹಿ ಹಾಕಲು ಭಯವಾದಾಗಲೂ ‘ಚರ್ಚಿಸಿ’. ಟಿಪ್ಪಣಿ ಹಾಳೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿ ಹೊರಗೆ ಬರುತ್ತದೆ ಎಂದು ಎಲ್ಲರಿಗೂ ತಿಳಿದ ಮೇಲೆ ಇದರ ಬಳಕೆ ಹೆಚ್ಚಿದೆ ಎಂಬುದು ನನ್ನ ಅನಿಸಿಕೆ. ಹಾಗೆಂದು ಇಲ್ಲಿ ಅಧಿಕಾರಿಯೊಬ್ಬರನ್ನೇ ದೂರಿ ಫಲವಿಲ್ಲ. ‘ಮುಂದಿನ ಸೂಕ್ತ ಕ್ರಮ’ ಯಾವುದು ಎಂದು ಟಿಪ್ಪಣಿಯಲ್ಲಿ ಇರಲೇ ಇಲ್ಲ. ಹೌದು ಅಥವಾ ಅಲ್ಲ ಎನ್ನಲು ಅಲ್ಲೊಂದು ಪ್ರಶ್ನೆಯಾದರೂ ಇರಬೇಕಲ್ಲ?

ಈ ನಡುವೆ ಇನ್ನೊಂದು ದಾರಿಯಲ್ಲಿ ಕೆಲಸ ನಡೆದಿತ್ತು. ಇಬ್ಬರು ವಿದ್ಯಾರ್ಥಿಗಳ ಪರವಾಗಿ ಎಲ್ಲಿಂದಲೋ ಫೋನು ಬಂದಿತ್ತು. ಅಧೀಕ್ಷಕರು ಕಾಲೇಜಿನ ಗುಮಾಸ್ತರಿಂದ ಅಂಕಗಳ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡು, ಗಣಕ ವಿಭಾಗಕ್ಕೆ ಮೌಖಿಕವಾಗಿ ಹೇಳಿ ಸರಿಪಡಿಸಿಸಿದ್ದರು. ಹೊಸ ಅಂಕಪಟ್ಟಿ, ಅಂದರೆ ಕಾರ್ಡ್, ಮುದ್ರಣವಾಗಿ ಕೈ ಸೇರಿಯೂ ಆಗಿತ್ತು. ಕಡತದಲ್ಲಿ ಅದರ ಸುಳಿವೇ ಇಲ್ಲ. ಕಾಯುತ್ತಿದ್ದ ಉಳಿದವರಿಗೆ ಈ ಸುದ್ದಿ ಗೊತ್ತಾಗದೆ ಇರುತ್ತದೆಯೇ? 12ರ ಮಧ್ಯಾಹ್ನ ಒಬ್ಬ ಹುಡುಗಿಯ ತಂದೆ ಕೌಂಟರಿಗೆ ಬಂದು, ‘ಅವರಿಬ್ಬರದ್ದು ಆಯ್ತಲ್ಲಮ್ಮ, ನಮ್ಮದ್ಯಾಕೆ ಆಗಲ್ಲ? ಎಷ್ಟು ಕೊಡ್ಬೇಕು ಹೇಳ್ಬಿಡಿ’ ಎಂದರು. ದುಡ್ಡು ಯಾರೂ ಕೇಳಿರಲಿಲ್ಲ. ಆದರೆ ದಾಖಲೆಯಿಲ್ಲದೆ ಮಾಡಿಕೊಟ್ಟ ಉಪಕಾರ ಹೊರಗಿನವರ ಕಣ್ಣಿಗೆ ಹಾಗೆಯೇ ಕಾಣುವುದು.

ಒಂದು ಹಾಳೆ, ಐದು ಕಾಲಂ

ಆ ದಿನ ಸಂಜೆ ಸಹಾಯಕಿ ಮಾಡಿದ್ದು ತೀರಾ ಸರಳ ಕೆಲಸ. ಇನ್‌ವರ್ಡ್ ಸಂಖ್ಯೆಯ ಸಾಲಿನಲ್ಲಿ ಒಂದೊಂದೇ ಅರ್ಜಿ ಎತ್ತಿಕೊಳ್ಳುವುದನ್ನು ಬಿಟ್ಟು, ಆ ಕಾಲೇಜಿನ ಫಲಿತಾಂಶದ ಇಡೀ ಲೆಡ್ಜರ್ ತರಿಸಿಕೊಂಡರು. ದೊಡ್ಡ ಹಾಳೆಯ ಮೇಲೆ ಐದು ಕಾಲಂ ಎಳೆದರು: ರಿಜಿಸ್ಟರ್ ನಂಬರು, ಪತ್ರಿಕೆಯ ಕೋಡ್, ಕಾರ್ಡಿನಲ್ಲಿ ಏನು ಅಚ್ಚಾಗಿದೆ, ವಿದ್ಯಾರ್ಥಿ ಏನು ಹೇಳುತ್ತಾನೆ, ಅದನ್ನು ಖಚಿತ ಮಾಡಿಕೊಳ್ಳಲು ಯಾವ ದಾಖಲೆ ನೋಡಬೇಕು. ಅರ್ಜಿ ಕೊಟ್ಟವರು, ಕೊಡದವರು ಎಲ್ಲರನ್ನೂ ಅದರಲ್ಲಿ ಸೇರಿಸಿದರು.

ಹಾಳೆ ತುಂಬಿದ ಮೇಲೆ ಕಂಡದ್ದು ಇಷ್ಟು. 41 ಜನರಲ್ಲಿ 36 ಜನ ಲೆಕ್ಕಶಾಸ್ತ್ರದ ಐಚ್ಛಿಕ ಪತ್ರಿಕೆಯವರು. ಅವರ ಥಿಯರಿ ಅಂಕ ಬಂದಿದೆ, ಆಂತರಿಕ ಅಂಕದ ಜಾಗ ಖಾಲಿ, ಫಲಿತಾಂಶ ‘ವಿತ್‌ಹೆಲ್ಡ್’ (ತಡೆಹಿಡಿದಿದೆ). ಉಳಿದ ಐವರು ಹಣಕಾಸಿನ ಐಚ್ಛಿಕ ಪತ್ರಿಕೆಯವರು. ಅವರ ಆಂತರಿಕ ಅಂಕ ಸರಿಯಾಗಿದೆ, ಥಿಯರಿಯಲ್ಲಿ ‘ಗೈರುಹಾಜರು’. ಎರಡೂ ಬೇರೆ ತೊಂದರೆ, ಎರಡಕ್ಕೂ ಬೇರೆ ದಾಖಲೆ ಬೇಕು, ಎರಡನ್ನೂ ಸರಿಪಡಿಸಬೇಕಾದವರೂ ಬೇರೆ. ಹತ್ತು ದಿನ ಇವೆರಡೂ ಒಂದೇ ಕಡತದಲ್ಲಿ ‘ಅಂಕ ಬಂದಿಲ್ಲ’ ಎಂಬ ಹೆಸರಿನಲ್ಲಿ ಓಡಾಡಿದ್ದವು.

36ರ ಕಾರಣ ಅರ್ಧ ಗಂಟೆಯಲ್ಲೇ ಗಣಕ ವಿಭಾಗದಲ್ಲಿ ಸಿಕ್ಕಿತು. ಕಾಲೇಜಿನವರು ಲೆಕ್ಕಶಾಸ್ತ್ರದ ಆಂತರಿಕ ಅಂಕಗಳನ್ನು ಹಣಕಾಸು ಪತ್ರಿಕೆಯ ಕೋಡ್‌ನಡಿ ತುಂಬಿದ್ದರು. ಎರಡು ಕೋಡ್‌ಗಳಿಗೂ ಕೊನೆಯ ಒಂದು ಅಂಕಿ ಮಾತ್ರ ವ್ಯತ್ಯಾಸ. ಆ ವಿದ್ಯಾರ್ಥಿ ಆ ಪತ್ರಿಕೆಯನ್ನು ತೆಗೆದುಕೊಂಡೇ ಇಲ್ಲ ಎಂದು ಕಾಲೇಜುಗಳು ಅಂಕ ತುಂಬುವ ಪೋರ್ಟಲ್ ತಡೆಯಬೇಕಿತ್ತು, ತಡೆದಿರಲಿಲ್ಲ. ಅಂಕಗಳು ಎಲ್ಲೂ ಕಳೆದುಹೋಗಿರಲಿಲ್ಲ, ಪಕ್ಕದ ಮನೆಗೆ ಹೋದ ಟಪಾಲಿನಂತೆ ಅಲ್ಲೇ ಕೂತಿದ್ದವು.

ಪ್ರಾಂಶುಪಾಲರ ಪತ್ರ

ಇಲ್ಲಿಗೆ ವಿಷಯ ಮುಗಿಯಬಹುದಿತ್ತು. 13ರಂದು ಪ್ರಾಂಶುಪಾಲರ ಪತ್ರ ಬಂತು: ‘ಗುಮಾಸ್ತರ ಕಣ್ತಪ್ಪಿನಿಂದ ಆಗಿರುವ ಪ್ರಮಾದ, 36 ವಿದ್ಯಾರ್ಥಿಗಳ ಪರಿಷ್ಕೃತ ಆಂತರಿಕ ಅಂಕಗಳ ಪಟ್ಟಿ ಲಗತ್ತಿಸಿದೆ, ವಿದ್ಯಾರ್ಥಿಗಳ ಭವಿಷ್ಯದ ದೃಷ್ಟಿಯಿಂದ ಕೂಡಲೇ ಸರಿಪಡಿಸಿಕೊಡಬೇಕಾಗಿ ವಿನಂತಿ.’ ಸಹಿ ಇದೆ, ಮೊಹರು ಇದೆ. ‘ಹಾಕ್ಬಿಡಮ್ಮಾ, ಇನ್ನೇನ್ ಬೇಕು?’ ಎಂದರು ಅಧೀಕ್ಷಕರು.

ಸಹಾಯಕಿ ಕೇಳಿದ್ದು ಒಂದೇ: ಸೆಮಿಸ್ಟರ್ ಕೊನೆಯಲ್ಲಿ ಕಾಲೇಜುಗಳು ಮುಚ್ಚಿದ ಲಕೋಟೆಯಲ್ಲಿ ಕಳಿಸುವ ಮೂಲ ಪಟ್ಟಿ, ವಿದ್ಯಾರ್ಥಿಗಳೇ ತಮ್ಮ ಅಂಕದ ಮುಂದೆ ಸಹಿ ಹಾಕಿರುವುದು, ದಾಖಲೆ ಕೊಠಡಿಯಲ್ಲಿ ಇರಬೇಕಲ್ಲ? ಇತ್ತು. ಪರಿಷ್ಕೃತ ಪಟ್ಟಿಯನ್ನೂ ಮೂಲ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಿದಾಗ 33 ಸರಿಹೊಂದಿದವು. ಮೂರು ಉಳಿದವು.

ಉಳಿದವರಲ್ಲಿ ಇಬ್ಬರು ಆಗಲೇ ಕಾರ್ಡ್ ಪಡೆದವರು, ಹೊಸ ಕಾರ್ಡನ್ನೂ ತಾಳೆ ನೋಡಬೇಕೆಂದು ಅವರದನ್ನು ಬೇರೆ ಇಟ್ಟಿದ್ದರು. ಒಬ್ಬನದು ಸರಿಯಿತ್ತು. ಇನ್ನೊಬ್ಬನಿಗೆ ಮೂಲ ಪಟ್ಟಿಯಲ್ಲಿ 13 ಅಂಕ. ವಾಟ್ಸ್‌ಆ್ಯಪ್ ಫೋಟೊದಲ್ಲಿ, ಹಾಗಾಗಿ ಹೊಸ ಕಾರ್ಡಿನಲ್ಲಿ 18. ಮೂರನೆಯವಳು ಕೌಂಟರಿಗೆ ಬಂದಿದ್ದ ಆ ತಂದೆಯ ಮಗಳು. ಮೂಲ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಗೈ’ (ಗೈರುಹಾಜರು), ಸಹಿಯ ಜಾಗ ಖಾಲಿ. ಪರಿಷ್ಕೃತ ಪಟ್ಟಿಯಲ್ಲಿ 14.

ಪ್ರಾಂಶುಪಾಲರನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಮೂವತ್ತಾರು ಮಕ್ಕಳು ತಮ್ಮ ಕಚೇರಿಯ ತಪ್ಪಿನಿಂದ ಒದ್ದಾಡುತ್ತಿರುವಾಗ ಒಬ್ಬಳನ್ನು ಮಾತ್ರ ಏಕೆ ಬಿಡುವುದು ಎಂದು ಮರುಕಪಟ್ಟಿರಬೇಕು. ಆಂತರಿಕ ಪರೀಕ್ಷೆಯ ವಾರ ಹುಡುಗಿಗೆ ಕಾಮಾಲೆ ಆಗಿತ್ತು ಎಂಬುದೂ ಆಮೇಲೆ ಗೊತ್ತಾಯಿತು. ಆದರೆ ಮರುಕದಿಂದ ಕೊಟ್ಟ ಅಂಕಕ್ಕೂ ಮೂಲ ಪಟ್ಟಿಯಲ್ಲಿ ಆಧಾರವಿರಬೇಕು.

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸುವ ಭಾಗ ಇದು. ಹುಡುಗಿಗೆ ಅಂಕ ಹಾಕಬೇಕೋ ಬೇಡವೋ ಎಂದು ಎರಡು ದಿನ ಶಾಖೆಯಲ್ಲಿ ವಾದ ನಡೆಯಿತು. ‘ಒಂದು ವರ್ಷ ಹಾಳಾಗುತ್ತೆ’ ಎನ್ನುವವರು ಒಂದು ಕಡೆ, ‘ನಾಳೆ ವಿಚಾರಣೆ ಬಂದರೆ’ ಎನ್ನುವವರು ಇನ್ನೊಂದು ಕಡೆ. ನಿಯಮ ತೆಗೆದು ಓದಿದವರು ಯಾರೂ ಇರಲಿಲ್ಲ. ಸಹಾಯಕಿ ಓದಿದರು. ಆ ಕೋರ್ಸಿನ ನಿಯಮದಂತೆ ಥಿಯರಿ 80, ಆಂತರಿಕ 20. ಥಿಯರಿಯಲ್ಲಿ ಕನಿಷ್ಠ 28 ಬರಬೇಕು, ಒಟ್ಟು 40 ಆಗಬೇಕು. ಆಂತರಿಕ ಅಂಕಕ್ಕೆ ಪ್ರತ್ಯೇಕ ಕನಿಷ್ಠವಿಲ್ಲ. ಹುಡುಗಿಗೆ ಥಿಯರಿಯಲ್ಲಿ 46. ಆಂತರಿಕದಲ್ಲಿ ಗೈರು ಎಂದು ಸೊನ್ನೆ ಹಾಕಿದರೂ ಅವಳು ಪಾಸು! ಫಲಿತಾಂಶ ತಡೆಯಾದದ್ದು ಆ ಜಾಗ ಖಾಲಿ ಇದ್ದುದಕ್ಕೆ, ಅಂಕ ಕಡಿಮೆಯಾದುದಕ್ಕಲ್ಲ. ಅವಳನ್ನು ಉಳಿಸಲು ಹೊರಟವರು ಅವಳಿಗೆ ಬೇಡದ ಸುಳ್ಳೊಂದನ್ನು ಕಡತಕ್ಕೆ ಸೇರಿಸುವುದರಲ್ಲಿದ್ದರು.

ಬರೆಯುವ ಮುಂಚಿನ ಮಾತು

18 ಮತ್ತು 13ರ ವಿಷಯ ಇಷ್ಟು ಸುಲಭವಿರಲಿಲ್ಲ. ಟಿಪ್ಪಣಿಯಲ್ಲಿ ಅದನ್ನು ಬರೆದರೆ ಅಧೀಕ್ಷಕರ ಕೈವಾಡ ಬಯಲಾಗುತ್ತದೆ. ಬರೆಯದಿದ್ದರೆ ಉಳಿದ ಮೂವತ್ತನಾಲ್ಕರ ತಿದ್ದುಪಡಿಗೂ ಅರ್ಥವಿಲ್ಲ. ಸಹಾಯಕಿ ಮೊದಲು ಅಧೀಕ್ಷಕರ ಬಳಿಗೇ ಹೋದರು, ಬೇರೆಯವರು ಇಲ್ಲದ ಹೊತ್ತಿನಲ್ಲಿ.

‘ಸರ್, ಆ ಎರಡು ಕಾರ್ಡಿನ ವಿಷಯ ಟಿಪ್ಪಣೀಲಿ ಬರಲೇಬೇಕಾಗುತ್ತೆ. ಒಂದರಲ್ಲಿ ಅಂಕ ತಾಳೆ ಆಗ್ತಿಲ್ಲ. ಆ ಪ್ಯಾರಾ ನೀವೇ ಬರೆದ್ರೆ ಚೆನ್ನಾಗಿರುತ್ತೆ ಅನ್ಸುತ್ತೆ.’

‘ಇಷ್ಟು ವರ್ಷ ಹಿಂಗೇ ನಡ್ಕೊಂಡು ಬಂದಿದೆ ಕಣಮ್ಮಾ. ನಾನೇನು ದುಡ್ಡು ತಿಂದಿದೀನಾ? ಹುಡುಗ್ರಿಗೆ ಸಹಾಯ ಆಗ್ಲಿ ಅಂತ ಮಾಡ್ದೆ.’

‘ನೀವು ತಿಂದಿಲ್ಲ ಅಂತ ನಂಗೊತ್ತು ಸರ್. ಫೋಟೊ ಕಳ್ಸಿದೋರ ಮೇಲೆ ನಂಬಿಕೆ ಇಟ್ರಿ. ಅದನ್ನೇ ಬರೀರಿ.’

ಊಟದ ನಂತರ ಅಧೀಕ್ಷಕರು ತಮ್ಮ ಕೈಬರಹದಲ್ಲೇ ನಾಲ್ಕು ಸಾಲು ಬರೆದು ಸಹಿ ಹಾಕಿದರು: ಕಾಲೇಜಿನಿಂದ ಬಂದ ಫೋಟೊ ಆಧರಿಸಿ ತುರ್ತಾಗಿ ಎರಡು ತಿದ್ದುಪಡಿ ಮಾಡಿಸಲಾಗಿತ್ತು, ಮೂಲ ಪಟ್ಟಿಯೊಂದಿಗೆ ಒಂದು ತಾಳೆಯಾಗುತ್ತಿಲ್ಲ, ಸದರಿ ಕಾರ್ಡನ್ನು ಹಿಂಪಡೆಯಲು ಅನುಮತಿ ಕೋರಿದೆ.

ತರಬೇತಿಯಲ್ಲಿ ಈ ಭಾಗ ಓದಿದವರು ಅನುಮಾನಪಟ್ಟರೆ ಅದು ನ್ಯಾಯವೇ. ಎಲ್ಲ ಅಧೀಕ್ಷಕರೂ ಹೀಗೆ ಬರೆಯುವುದಿಲ್ಲ. ಮರುದಿನವೇ ಶಾಖೆ ಬದಲಾವಣೆಯ ಆದೇಶ ಬರುವ ಕಚೇರಿಗಳೂ ಉಂಟು. ಕೆಳದರ್ಜೆಯ ನೌಕರಳೊಬ್ಬಳ ಧೈರ್ಯವನ್ನೇ ನೆಚ್ಚಿಕೊಂಡು ಕೂತ ಪರೀಕ್ಷಾಂಗ ವಿಭಾಗದಲ್ಲಿ ದೋಷ ಇರುವುದು ಆ ನೌಕರಳಲ್ಲಿ ಅಲ್ಲ. ಮೌಖಿಕ ಸೂಚನೆಯ ಮೇಲೆ ಗಣಕ ವಿಭಾಗ ಅಂಕ ಬದಲಿಸಲು ಸಾಧ್ಯವಾದದ್ದೇ ಮೂಲ ಪ್ರಶ್ನೆ. ಆದರೂ ಸಹಾಯಕಿ ಮಾಡಿದ್ದರಲ್ಲಿ ಕಲಿಯುವಂಥದ್ದು ಇದೆ. ಹಿರಿಯರ ತಪ್ಪನ್ನು ಮುಚ್ಚಲಿಲ್ಲ, ಅವರ ಬೆನ್ನ ಹಿಂದೆ ಬರೆಯಲೂ ಇಲ್ಲ. ತಪ್ಪನ್ನು ತಾವೇ ಹೇಳಿಕೊಳ್ಳುವ ಅವಕಾಶ ಅವರಿಗೆ ಕೊಟ್ಟರು, ಹಾಗೆ ಕೊಡುವಾಗ ವಿಷಯ ಬರಲೇಬೇಕು ಎಂಬುದನ್ನು ಸಡಿಲಿಸಲಿಲ್ಲ.

ಎರಡನೇ ಟಿಪ್ಪಣಿ

14ರ ಸಂಜೆ ಮಂಡಿಸಿದ ಟಿಪ್ಪಣಿ ಒಂದೂವರೆ ಪುಟ. ಮೊದಲ ಪ್ಯಾರಾದಲ್ಲಿ 41ರ ವಿಂಗಡಣೆ. ಆಮೇಲೆ ಒಂದೊಂದು ಗುಂಪಿಗೂ ಸಂಗತಿ, ಆಧಾರವಾಗಿರುವ ಪುಟದ ಸಂಖ್ಯೆ, ಕೇಳುವ ತೀರ್ಮಾನ. ಅದರಲ್ಲೊಂದು ಪ್ಯಾರಾ ಹೀಗೆ:

‘33 ವಿದ್ಯಾರ್ಥಿಗಳ ಆಂತರಿಕ ಅಂಕಗಳು ತಪ್ಪು ಪತ್ರಿಕೆಯ ಕೋಡ್‌ನಡಿ ನಮೂದಾಗಿದ್ದು, ವಿದ್ಯಾರ್ಥಿಗಳ ಸಹಿಯುಳ್ಳ ಮೂಲ ಪಟ್ಟಿಯೊಂದಿಗೆ ತಾಳೆಯಾಗಿವೆ (ಕಡತದ ಪುಟ 21–24). ಸರಿಯಾದ ಕೋಡ್‌ಗೆ ನಮೂದಿಸಲು ಸದರಿ ಕಾಲೇಜಿಗೆ ಮಾತ್ರ ಆಗಸ್ಟ್ 19 ಮತ್ತು 20ರಂದು ಪೋರ್ಟಲ್ ತೆರೆಯಬಹುದೇ ಎಂಬ ಬಗ್ಗೆ ಆದೇಶ ಕೋರಿದೆ. ಆಗಸ್ಟ್ 23 ಸ್ನಾತಕೋತ್ತರ ಪ್ರವೇಶದ ಕೊನೆಯ ದಿನವಾಗಿರುವುದನ್ನು ಗಮನಕ್ಕೆ ತಂದಿದೆ.’

ಹುಡುಗಿಯ ಬಗ್ಗೆ ಪ್ರತ್ಯೇಕ ಪ್ಯಾರಾ: ಗೈರು ಎಂದೇ ನಮೂದಿಸಿ ಫಲಿತಾಂಶ ಬಿಡುಗಡೆ ಮಾಡಬಹುದು, ಪರಿಷ್ಕೃತ ಪಟ್ಟಿಯ 14 ಅಂಕಕ್ಕೆ ಆಧಾರ ಕಂಡುಬಂದಿಲ್ಲ. ಪ್ರಾಂಶುಪಾಲರು ಸುಳ್ಳು ಹೇಳಿದರು ಎಂದು ಎಲ್ಲೂ ಇಲ್ಲ. ಆಧಾರ ಕಂಡುಬಂದಿಲ್ಲ, ಅಷ್ಟೇ. ಇನ್ನೊಂದು ಕೋರಿಕೆಯನ್ನೂ ಸೇರಿಸಿದ್ದರು: 23ರೊಳಗೆ ಕಾರ್ಡ್ ಸಿಗದವರ ಬಗ್ಗೆ ‘ಫಲಿತಾಂಶ ಪರಿಶೀಲನೆಯಲ್ಲಿದೆ’ ಎಂಬ ಪತ್ರ ಕೊಟ್ಟು, ಪ್ರವೇಶ ಸಮಿತಿ ತಾತ್ಕಾಲಿಕವಾಗಿ ಅರ್ಜಿ ಪರಿಗಣಿಸುವಂತೆ ಬರೆಯಬಹುದೇ? ಈ ಸಾಲು ಯಾರೂ ಕೇಳದೆ ಬಂದದ್ದು. ಪೂರ್ತಿ ಪರಿಹಾರಕ್ಕೆ ಸಮಯ ಸಾಲದೆ ಹೋದರೆ ವಿದ್ಯಾರ್ಥಿಗೆ ಆಗುವ ನಷ್ಟವನ್ನಾದರೂ ತಡೆಯಬೇಕೆಂಬ ಯೋಚನೆ ಅದರ ಹಿಂದಿದೆ.

ಕಡತ 16ರ ಮಧ್ಯಾಹ್ನ ಕೆಳಗೆ ಬಂತು. ಎಲ್ಲ ಕೋರಿಕೆಗಳ ಮುಂದೆಯೂ ‘ಅನುಮೋದಿಸಿದೆ’. ‘ಚರ್ಚಿಸಿ’ ಎಂದು ಬರೆಯಲು ಜಾಗವೇ ಇರಲಿಲ್ಲ ಎನ್ನಬಹುದು.

ಕೌಂಟರಿನಲ್ಲಿ ಏನು ಬದಲಾಯಿತು ಎಂಬುದನ್ನೂ ಹೇಳಬೇಕು. ಬಂದವರಿಗೆಲ್ಲ ಒಂದು ಚೀಟಿ: ಕಡತದ ಸಂಖ್ಯೆ, ನಿಮ್ಮದು ಯಾವ ಗುಂಪು, ಈಗ ಯಾರ ಮೇಜಿನಲ್ಲಿದೆ, ಯಾವ ದಿನದ ಮೇಲೆ ಫೋನು ಮಾಡಬೇಕು. ‘ಬರಬೇಡಿ, ಫೋನು ಮಾಡಿ’ ಎಂದು ಕೈಯಲ್ಲೇ ಬರೆದಿದ್ದರು. ಬಸ್ಸಿನ ಖರ್ಚು, ಒಂದು ದಿನದ ಕೂಲಿ ಕಳೆದುಕೊಂಡು ಬರುವವರಿಗೆ ನಗುಮುಖಕ್ಕಿಂತ ಇದರಿಂದ ಹೆಚ್ಚು ಉಪಯೋಗ. ಅಂಕಗಳ ಪಟ್ಟಿಯನ್ನು ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿಬಿಡಿ ಎಂದು ಪ್ರಾಂಶುಪಾಲರು ಕೇಳಿದಾಗ ಮಾತ್ರ ಒಪ್ಪಲಿಲ್ಲ. ಒಬ್ಬರ ಅಂಕ ಇನ್ನೊಬ್ಬರಿಗೆ ತೋರಿಸುವಂತಿಲ್ಲ ಎಂದರು.

ಫಲಿತಾಂಶ

22ರಂದು 34 ಕಾರ್ಡ್‌ಗಳು ಸಿದ್ಧವಾದವು. ಹುಡುಗಿಯದೂ ಅದರಲ್ಲಿ ಸೇರಿತ್ತು. 18 ಅಂಕದ ಕಾರ್ಡ್ ವಾಪಸ್ ಬರಲು ಮೂರು ವಾರ ಹಿಡಿಯಿತು. ಹುಡುಗನ ಮನೆಯವರು ಬಂದು ಗಲಾಟೆ ಮಾಡಿದರು. ಹಳೆಯ ಕಾರ್ಡಿಗೆ ‘ರದ್ದು’ ಮೊಹರು ಹಾಕಿ ಕಡತಕ್ಕೆ ಸೇರಿಸಿದರೂ, ಡಿಜಿಲಾಕರ್‌ನಲ್ಲಿ 18 ಹಾಗೆಯೇ ಕೂತಿತ್ತು. ಕಾಗದ ತಿದ್ದಿದವರು ಇದನ್ನು ಮರೆಯುವುದು ಇತ್ತೀಚಿನ ಹೊಸ ರೋಗ. ಹುಡುಗ 13ರಲ್ಲೂ ಪಾಸಾಗಿದ್ದ.

ಉಳಿದದ್ದು ಹಣಕಾಸು ಪತ್ರಿಕೆಯ ಐವರು. ಪರೀಕ್ಷಾ ಕೇಂದ್ರದ ಹಾಜರಿ ಪಟ್ಟಿಯಲ್ಲಿ ಐವರ ಸಹಿಯೂ ಇತ್ತು. ಎರಡೂ ಪತ್ರಿಕೆಗಳು ಒಂದೇ ಹೊತ್ತಿಗೆ, ಒಂದೇ ಕೊಠಡಿಯಲ್ಲಿ ನಡೆದಿದ್ದವು. ಬಂಡಲ್ ಕಟ್ಟುವಾಗ ಇವರ ಉತ್ತರ ಪತ್ರಿಕೆಗಳು ಲೆಕ್ಕಶಾಸ್ತ್ರದ ಪ್ಯಾಕೆಟ್ ಸೇರಿರಬೇಕು ಎಂಬ ಊಹೆ ನಿಜವಾಯಿತು. ನಾಲ್ಕು ಸಿಕ್ಕವು, ಮೌಲ್ಯಮಾಪನವಾಗಿ 29ರಂದು ಫಲಿತಾಂಶ ಬಂತು. ತಾತ್ಕಾಲಿಕ ಪತ್ರದಿಂದ ಇಬ್ಬರ ಪ್ರವೇಶ ಉಳಿಯಿತು. ಬೇರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದ ಒಬ್ಬನಿಗೆ ಆ ಪತ್ರ ನಡೆಯಲಿಲ್ಲ. ನಾಲ್ಕನೆಯವನು ಅರ್ಜಿಯನ್ನೇ ಹಾಕಿರಲಿಲ್ಲ.

ಐದನೆಯ ಉತ್ತರ ಪತ್ರಿಕೆ ಸಿಗಲಿಲ್ಲ. ಹಾಜರಿಯಲ್ಲಿ ಸಹಿ ಇದೆ, ಉತ್ತರ ಪತ್ರಿಕೆ ಇಲ್ಲ. ಸಹಾಯಕಿ ಆ ಹುಡುಗನಿಗೆ ‘ಹುಡುಕ್ತಾ ಇದೀವಿ’ ಎಂಬಲ್ಲಿಗೇ ನಿಲ್ಲಿಸಲಿಲ್ಲ. ಪರೀಕ್ಷಾರ್ಥಿಗೆ ತನ್ನ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ, ಲಿಖಿತವಾಗಿ ಕೇಳು ಎಂದರು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2023ರ ನಿಯಮಾವಳಿಯಂತೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ದೂರು ಕೊಡಬಹುದು, ಅಲ್ಲಿ ಸಮಾಧಾನವಾಗದಿದ್ದರೆ ಮೇಲ್ಮನವಿ ಕೇಳುವ ಒಂಬುಡ್ಸ್‌ಪರ್ಸನ್ ಬಳಿ ಹೋಗಬಹುದು ಎಂದೂ ತಿಳಿಸಿದರು. ತನ್ನದೇ ಕಚೇರಿಯ ಮೇಲೆ ದೂರು ಕೊಡುವ ದಾರಿ ತೋರಿಸಿದ್ದು ಸರಿಯೇ ಎಂದು ಶಾಖೆಯಲ್ಲಿ ಗೊಣಗಾಟ ನಡೆಯಿತು. ಸರಿ ಎಂದೇ ನನ್ನ ಮತ. ಆ ಸಮಿತಿ ಇರುವುದೇ ಅದಕ್ಕೆ. ಅದರ ವಿಷಯ ಹೇಳದೆ ಇದ್ದರೆ ಮುಚ್ಚಿಟ್ಟಂತೆ. ಪ್ರಕರಣ ಕಟ್ಟಿದ ಹಂತದಲ್ಲಿ ಆ ಕಡತ ಸಮಿತಿಯ ಮುಂದೆಯೇ ಇದೆ.

ತರಬೇತಿಗೆ ಬಳಸುವವರಿಗೆ

ಇದನ್ನು ಓದಿಸಿ ಚರ್ಚೆ ಮಾಡಿಸಿದರೆ ಎಲ್ಲರೂ ಸಹಾಯಕಿಯನ್ನು ಹೊಗಳಿ ಚಹಾಕ್ಕೆ ಎದ್ದುಹೋಗುತ್ತಾರೆ. ಬದಲಿಗೆ ‘ಪ್ರಾಂಶುಪಾಲರ ಪತ್ರ’ದ ಮೊದಲ ಪ್ಯಾರಾಕ್ಕೆ ನಿಲ್ಲಿಸಿ, ಪರಿಷ್ಕೃತ ಪಟ್ಟಿ, ಮೂಲ ಪಟ್ಟಿ ಮತ್ತು ಪಾಸಿನ ನಿಯಮದ ಒಂದು ಪುಟವನ್ನು ಮುಂದಿಟ್ಟು, ಖಾಲಿ ಟಿಪ್ಪಣಿ ಹಾಳೆ ಕೊಡಬೇಕು. ಪಟ್ಟಿಗಳಲ್ಲಿ ವ್ಯತ್ಯಾಸ ಇದೆ ಎಂದು ಮೊದಲೇ ಹೇಳಬಾರದು. ಮುಕ್ಕಾಲು ಗಂಟೆ ಸಾಕು. ಬರೆದದ್ದನ್ನು ಪಕ್ಕದವರು ಮೇಲಧಿಕಾರಿಯಾಗಿ ಓದಿ, ‘ಅನುಮೋದಿಸಿದೆ’ ಎಂದು ಸಹಿ ಹಾಕಲು ತಮಗೆ ಧೈರ್ಯ ಬರುತ್ತದೋ ಇಲ್ಲವೋ ಹೇಳಬೇಕು. ಬರದಿದ್ದರೆ ಯಾವ ಸಾಲಿನಲ್ಲಿ ಕೈ ತಡೆಯಿತು ಎಂದು ಗೆರೆ ಎಳೆದು ತೋರಿಸಬೇಕು. ಅಧೀಕ್ಷಕರ ಮಟ್ಟದವರು ತರಗತಿಯಲ್ಲಿದ್ದರೆ ಅವರಿಗೆ ಬೇರೆ ಹಾಳೆ: ಪ್ರಕರಣದ ಅಧೀಕ್ಷಕರ ಜಾಗದಲ್ಲಿ ನಿಂತು ಆ ನಾಲ್ಕು ಸಾಲನ್ನು ಬರೆಯುವುದು.